ಕೌದಿ ಹೊಲಿಯುವವರಿಗೆ ಹೊಲಿಗೆ ಯಂತ್ರ: ಕೊಡುವ ಮುನ್ನ ಅಳೆಯಬೇಕಾದ ಸಂಗತಿಗಳು

(ಅಧ್ಯಯನ ಪಾಠ: ಪಂಚಾಯತ್ ಅಭಿವೃದ್ಧಿ ಅಧಿಕಾರಿಗಳು, ಗ್ರಾಮ ಪಂಚಾಯತಿ ಸದಸ್ಯರು ಹಾಗೂ ಸ್ವಸಹಾಯ ಗುಂಪುಗಳ ಪ್ರತಿನಿಧಿಗಳಿಗಾಗಿ)

ಹೊಲಿಗೆ ಯಂತ್ರವು ನಮ್ಮ ಗ್ರಾಮ ಪಂಚಾಯತಿಗಳ ಕ್ರಿಯಾ ಯೋಜನೆಗಳಲ್ಲಿ ಮೇಲಿಂದ ಮೇಲೆ ಕಾಣಿಸಿಕೊಳ್ಳುವ ಸಾಮಗ್ರಿಯಾಗಿದೆ. ಅದು ಮನೆಮನೆಗಳಲ್ಲಿ ನೀಡುವ ಉಡುಗೊರೆಯೂ ಹೌದು. ತವರಿನವರು ಮಗಳಿಗೆ, ಪಟ್ಟಣದಲ್ಲಿ ದುಡಿಯುವ ಮಗ ಊರಿನಲ್ಲಿರುವ ತಾಯಿಗೆ, ಸಂಘದವರು ತಮ್ಮ ಸದಸ್ಯೆಗೆ ಅದನ್ನು ಕೊಡಿಸುತ್ತಾರೆ. ಆದರೆ ಕೊಡುವವರ ಕಣ್ಣ ಮುಂದೆ ಸಾಮಾನ್ಯವಾಗಿ ಇರುವುದು ರವಿಕೆ, ಲಂಗ, ಶಾಲಾ ಸಮವಸ್ತ್ರ ಹೊಲಿಯುವ ಯಂತ್ರ. ಪಡೆಯುವವರು ಕೌದಿ ಹೊಲಿಯುವವರಾಗಿದ್ದಲ್ಲಿ ಅದೇ ಯಂತ್ರವು ದಪ್ಪ ಬಟ್ಟೆಯ ಮುಂದೆ ಸೋಲುತ್ತದೆ. ಕೆಲವು ತಿಂಗಳಲ್ಲಿ ಅದರ ಮೇಲೆ ಹಳೆಯ ಸೀರೆಯೊಂದು ಹೊದಿಕೆಯಾಗಿ ಬೀಳುತ್ತದೆ. ಹಣವೂ ವ್ಯರ್ಥ, ಆ ತಾಯಿಯ ನಿರೀಕ್ಷೆಯೂ ವ್ಯರ್ಥ.

ಈ ಪಾಠದ ಉದ್ದೇಶವು ಒಂದೇ. ಯಂತ್ರವನ್ನು ನೋಡುವ ಮೊದಲು ಕೆಲಸವನ್ನು ನೋಡಬೇಕು, ಕೌದಿಯ ಯಾವ ಹಂತದಲ್ಲಿ ಶ್ರಮ ಹೆಚ್ಚಿದೆಯೋ ಆ ಹಂತಕ್ಕೆ ಒಗ್ಗುವ ಯಂತ್ರವನ್ನು ಮಾತ್ರ ಕೊಡಬೇಕು ಎಂಬುದನ್ನು ಅಳತೆ ಹಾಗೂ ಲೆಕ್ಕದ ಮೂಲಕ ಮನವರಿಕೆ ಮಾಡಿಕೊಡುವುದು.

1. ಕೌದಿ ಎಂಬ ಕೆಲಸದ ಸ್ವರೂಪ

ಉತ್ತರ ಕರ್ನಾಟಕದ ಮನೆಗಳಲ್ಲಿ ಉಟ್ಟು ಹಳತಾದ ಸೀರೆ, ಧೋತರ, ಅಂಗಿಗಳೇ ಕೌದಿಯ ಮೂಲ ಸಾಮಗ್ರಿ. ಹಲವು ಪದರಗಳನ್ನು ಒಂದರ ಮೇಲೊಂದು ಹಾಸಿ, ಸೂಜಿ ದಾರದಿಂದ ಉದ್ದಕ್ಕೂ ಸಾಲು ಸಾಲಾಗಿ ಹೊಲಿದು ಒಂದೇ ಹೊದಿಕೆಯನ್ನಾಗಿ ಮಾಡುವುದು ಈ ಕಸುಬು. ತೊಟ್ಟಿಲ ಕೂಸಿಗೆ ಹಾಸುವ ಚಿಕ್ಕ ಕೌದಿಯಿಂದ ಹಿಡಿದು ಚಳಿಗಾಲಕ್ಕೆ ಹೊದೆಯುವ ದೊಡ್ಡ ಕೌದಿಯವರೆಗೆ ಅಳತೆಗಳು ಬೇರೆ ಬೇರೆ. ರಚನೆಯ ದೃಷ್ಟಿಯಿಂದ ಎರಡು ಕ್ರಮಗಳನ್ನು ಪ್ರತ್ಯೇಕವಾಗಿ ಗುರುತಿಸಿಕೊಳ್ಳುವುದು ಅವಶ್ಯಕ.

ಮೊದಲನೆಯ ಕ್ರಮದಲ್ಲಿ ತುಂಡುಗಳನ್ನು ಒಂದಕ್ಕೊಂದು ಜೋಡಿಸಿ ಮೇಲ್ಪದರವನ್ನು ಮೊದಲು ಸಿದ್ಧಪಡಿಸುತ್ತಾರೆ. ನಂತರ ಅದರ ಕೆಳಗೆ ಒಳಪದರ ಹಾಗೂ ಅಡಿಪದರವನ್ನು ಹಾಸಿ, ಮೂರನ್ನೂ ಸೇರಿಸಿ ಸಾಲು ಹೊಲಿಗೆ ಹಾಕುತ್ತಾರೆ. ಕೊನೆಯಲ್ಲಿ ಅಂಚು ಕಟ್ಟುತ್ತಾರೆ.

ಎರಡನೆಯ ಕ್ರಮದಲ್ಲಿ ಮೇಲ್ಪದರವನ್ನು ಪ್ರತ್ಯೇಕವಾಗಿ ಸಿದ್ಧಪಡಿಸುವುದೇ ಇಲ್ಲ. ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರ, ಹಳಿಯಾಳ, ಮುಂಡಗೋಡ ಭಾಗಗಳ ಸಿದ್ದಿ ಸಮುದಾಯದ ಮಹಿಳೆಯರು ಹೊಲಿಯುವ ಕವಂದಿ ಇದಕ್ಕೆ ಉತ್ತಮ ಉದಾಹರಣೆ. ಅವರು ಅಡಿಪದರದ ಮೇಲೆ ಮೂಲೆಯಿಂದ ಆರಂಭಿಸಿ, ತುಂಡುಗಳ ಅಂಚನ್ನು ಬೆರಳಿನಿಂದಲೇ ಮಡಚುತ್ತ, ಎಲ್ಲ ಪದರಗಳನ್ನೂ ಒಟ್ಟಿಗೆ ಸೇರಿಸಿ ಹೊಲಿಯುತ್ತ, ಅಂಚಿನ ಗುಂಟ ಸುತ್ತು ಹಾಕಿ ಒಳಮುಖವಾಗಿ ಮಧ್ಯಭಾಗದವರೆಗೆ ಸಾಗುತ್ತಾರೆ. ಕವಂದಿಯ ನಾಲ್ಕು ಮೂಲೆಗಳಲ್ಲಿ ಬಟ್ಟೆಯನ್ನು ಮಡಚಿ ಕೂರಿಸುವ ಪುಟ್ಟ ಹೂವುಗಳಿಲ್ಲದೆ ಕೆಲಸ ಪೂರ್ಣವಾಯಿತೆಂದು ಅವರು ಭಾವಿಸುವುದಿಲ್ಲ. ಈ ಜಿಲ್ಲೆಯ ಸಿದ್ದಿಯರಿಗೆ 2003ರಲ್ಲಿ ಪರಿಶಿಷ್ಟ ಪಂಗಡದ ಸ್ಥಾನ ದೊರೆಯಿತು. ಅವರ ಕವಂದಿಗಳು ಅಮೆರಿಕದ ವಸ್ತುಸಂಗ್ರಹಾಲಯಗಳಲ್ಲಿಯೂ ಪ್ರದರ್ಶನಗೊಂಡಿವೆ.

ಈ ಭೇದವು ಯಂತ್ರದ ಆಯ್ಕೆಗೆ ನೇರವಾಗಿ ಸಂಬಂಧಿಸಿದೆ. ಮೊದಲನೆಯ ಕ್ರಮದಲ್ಲಿ ತುಂಡು ಜೋಡಿಸುವ ಹಾಗೂ ಅಂಚು ಕಟ್ಟುವ ಎರಡು ಹಂತಗಳನ್ನು ಯಂತ್ರಕ್ಕೆ ಒಪ್ಪಿಸಬಹುದು. ಎರಡನೆಯ ಕ್ರಮದಲ್ಲಿ ಪ್ರತಿ ಮೂಲೆಯಲ್ಲಿಯೂ ಇಡೀ ಹೊದಿಕೆಯನ್ನು ತಿರುಗಿಸಬೇಕಾಗುತ್ತದೆ. ಅದಕ್ಕೆ ಯಂತ್ರದ ತೋಳಿನ ಕೆಳಗೆ ಜಾಗವೇ ಇರುವುದಿಲ್ಲ. ಅಲ್ಲಿ ಯಂತ್ರವು ಬಹುಮಟ್ಟಿಗೆ ಅನುಪಯುಕ್ತ. ಆದ್ದರಿಂದ ಮೊದಲ ಪ್ರಶ್ನೆ ಯಾವ ಯಂತ್ರ ಎಂಬುದಲ್ಲ; ಅವರು ಯಾವ ಕ್ರಮದಲ್ಲಿ ಹೊಲಿಯುತ್ತಾರೆ ಎಂಬುದು.

2. ಕೈಹೊಲಿಗೆ ಮತ್ತು ಯಂತ್ರದ ಹೊಲಿಗೆ: ಒಂದು ಲೆಕ್ಕ

6 ಅಡಿ ಉದ್ದ, 4 ಅಡಿ ಅಗಲದ ಕೌದಿಯೊಂದನ್ನು ತೆಗೆದುಕೊಳ್ಳೋಣ. ಸಾಲಿನಿಂದ ಸಾಲಿಗೆ 1 ಅಂಗುಲ ಅಂತರವಿದ್ದರೆ ಸುಮಾರು 48 ಸಾಲುಗಳು ಬೇಕು. 48 ಸಾಲುಗಳನ್ನು 6 ಅಡಿಯಿಂದ ಗುಣಿಸಿದರೆ 288 ಅಡಿ, ಅಂದರೆ ಸುಮಾರು 88 ಮೀಟರ್ ಹೊಲಿಗೆ.

ಕೈಯಲ್ಲಿ ಅಂಗುಲಕ್ಕೆ 3 ಹೊಲಿಗೆಗಳಂತೆ ಹಾಕಿದರೆ ಒಟ್ಟು 10,368 ಹೊಲಿಗೆಗಳಾಗುತ್ತವೆ. ಸೂಜಿಯು ಪ್ರತಿ ಹೊಲಿಗೆಗೆ ಒಮ್ಮೆ ಇಳಿದು ಒಮ್ಮೆ ಏಳುವುದರಿಂದ ಬಟ್ಟೆಯಲ್ಲಿ ಬೀಳುವ ರಂಧ್ರಗಳು ಸುಮಾರು 20,700. ಯಂತ್ರದಲ್ಲಿ ಹೊಲಿಗೆಯ ಉದ್ದವನ್ನು 2.5 ಮಿ.ಮೀ.ಗೆ ಇರಿಸಿದರೆ 35,200 ಹೊಲಿಗೆಗಳು, ಅಷ್ಟೇ ರಂಧ್ರಗಳು. ನಿಮಿಷಕ್ಕೆ 600 ಹೊಲಿಗೆಗಳ ವೇಗದಲ್ಲಿ ಸೂಜಿ ಓಡುವ ಸಮಯ ಒಂದು ಗಂಟೆಯೂ ಆಗುವುದಿಲ್ಲ.

ಈ ಲೆಕ್ಕವನ್ನು ನೋಡಿದವರಿಗೆ ಯಂತ್ರವೇ ಉತ್ತಮವೆಂದು ತೋರುವುದು ಸಹಜ. ಆದರೆ ಮೂರು ಅಂಶಗಳನ್ನು ಗಮನಿಸಬೇಕು. ಒಂದು, ಸೂಜಿ ಓಡುವ ಸಮಯಕ್ಕಿಂತ ಬಟ್ಟೆಯನ್ನು ಸುತ್ತುವ, ಎತ್ತುವ, ಸರಿಪಡಿಸುವ ಸಮಯವೇ ಹೆಚ್ಚು. ಎರಡು, ಹಳೆಯ ಸೀರೆಯ ನೂಲು ಮೊದಲೇ ಸವೆದಿರುತ್ತದೆ. ಯಂತ್ರವು ಮೇಲಿನ ಹಾಗೂ ಕೆಳಗಿನ ಎರಡು ದಾರಗಳನ್ನು ಬಿಗಿಯಾಗಿ ಹೆಣೆಯುತ್ತದೆ. ರಂಧ್ರಗಳೂ ಒತ್ತೊತ್ತಾಗಿ ಬೀಳುತ್ತವೆ. ಸವೆದ ಬಟ್ಟೆಯು ಆ ಗೆರೆಯ ಗುಂಟವೇ ಹರಿಯುವ ಸಂಭವವಿದೆ. ಕೈಹೊಲಿಗೆಯ ಒಂಟಿ ದಾರವು ಬಟ್ಟೆಯೊಂದಿಗೆ ಸ್ವಲ್ಪ ಸಡಿಲವಾಗಿ ಚಲಿಸುವುದರಿಂದ ಕೌದಿ ಮೆತ್ತಗೆ ಉಳಿಯುತ್ತದೆ. ಮೂರು, ಕೌದಿಯನ್ನು ಮಾರಾಟಕ್ಕೆ ಹೊಲಿಯುವವರ ವಿಷಯದಲ್ಲಿ, ಕೊಳ್ಳುವವರು ಬೆಲೆ ಕೊಡುವುದು ಆ ಕೈಹೊಲಿಗೆಯ ಸಾಲಿಗೆ. ಅದನ್ನು ಯಂತ್ರಕ್ಕೆ ಒಪ್ಪಿಸಿದರೆ ನಮ್ಮ ಕೌದಿಯು ಕಾರ್ಖಾನೆಯ ರಜಾಯಿಯೊಂದಿಗೆ ಬೆಲೆಯ ಪೈಪೋಟಿಗೆ ನಿಲ್ಲಬೇಕಾಗುತ್ತದೆ. ಆ ಪೈಪೋಟಿಯಲ್ಲಿ ಗೆಲ್ಲುವುದು ಕಷ್ಟ.

ಯಂತ್ರಗಳ ವಿಷಯದಲ್ಲಿ ಆಕ್ಷೇಪವಿದ್ದ ಗಾಂಧೀಜಿಯವರು 1924ರಲ್ಲಿ ಸಿಂಗರ್ ಹೊಲಿಗೆ ಯಂತ್ರವನ್ನು ಅದಕ್ಕೆ ಅಪವಾದವೆಂದು ಹೆಸರಿಸಿದ್ದರು. ಒಬ್ಬ ವ್ಯಕ್ತಿಯ ಬೇಸರದ ದುಡಿಮೆಯನ್ನು ತಗ್ಗಿಸುವುದಕ್ಕಾಗಿ ಹುಟ್ಟಿದ ಯಂತ್ರವೆಂಬುದು ಅವರ ಕಾರಣವಾಗಿತ್ತು. ನಮಗೂ ಅದೇ ಮಾನದಂಡ ಸಾಕು: ಈ ಯಂತ್ರವು ಈ ಮಹಿಳೆಯ ಬೇಸರದ ಕೆಲಸವನ್ನು ಕಡಿಮೆ ಮಾಡುತ್ತದೆಯೇ, ಅಥವಾ ಅವರಿಗೆ ಬೆಲೆ ತಂದುಕೊಡುವ ಕೆಲಸವನ್ನೇ ಕಿತ್ತುಕೊಳ್ಳುತ್ತದೆಯೇ? ಸಾಮಾನ್ಯವಾಗಿ ತುಂಡು ಜೋಡಿಸುವುದು ಮತ್ತು ಅಂಚು ಕಟ್ಟುವುದು ಯಂತ್ರಕ್ಕೆ, ಸಾಲು ಹೊಲಿಗೆ ಕೈಗೆ ಎಂಬ ವಿಭಜನೆ ಸೂಕ್ತವಾಗಿರುತ್ತದೆ. ಮನೆಬಳಕೆಗೆ, ಹೊಸ ಗಟ್ಟಿ ಬಟ್ಟೆಯಲ್ಲಿ, ಬೇಗನೆ ಮುಗಿಸಬೇಕೆನ್ನುವವರು ಸಾಲು ಹೊಲಿಗೆಗೂ ಯಂತ್ರವನ್ನು ಬಯಸಬಹುದು. ಆ ನಿರ್ಣಯ ಹೊಲಿಯುವವರದ್ದೇ ಆಗಿರಬೇಕು.

3. ಯಂತ್ರಗಳ ಬಗೆಗಳು

(ಅ) ಕಾಲ್ತುಳಿಯ ನೇರ ಹೊಲಿಗೆ ಯಂತ್ರ. ಬೀಡು ಕಬ್ಬಿಣದ ದೇಹ, ಮೇಜು ಹಾಗೂ ತುಳಿಯುವ ಹಲಗೆಯುಳ್ಳ ಈ ಯಂತ್ರವು ಎಲ್ಲರಿಗೂ ಪರಿಚಿತ. ವಿದ್ಯುತ್ ಬೇಕಿಲ್ಲ, ಬಿಡಿಭಾಗ ತಾಲ್ಲೂಕು ಕೇಂದ್ರಗಳಲ್ಲಿ ದೊರೆಯುತ್ತವೆ, ಬೇಕೆಂದಾಗ ಮೋಟಾರು ಜೋಡಿಸಬಹುದು. ತುಂಡು ಜೋಡಿಸಲು, ಅಂಚು ಕಟ್ಟಲು ಇದು ಸಾಕು. ಕಂಪನಿಗಳು ಟೈಲರ್ ಮಾದರಿ ಎಂದು ಕರೆಯುವ ಯಂತ್ರಗಳು ಸಾದಾ ಮಾದರಿಗಿಂತ ದಪ್ಪ ಬಟ್ಟೆಯನ್ನು ಚೆನ್ನಾಗಿ ತಾಳುತ್ತವೆ.

(ಆ) ಹಗುರ ವಿದ್ಯುತ್ ಯಂತ್ರ. ಬಿಳಿ ಬಣ್ಣದ, ಎತ್ತಿಕೊಂಡು ಹೋಗಬಹುದಾದ, ಹಲವು ಬಗೆಯ ಅಲಂಕಾರಿಕ ಹೊಲಿಗೆಗಳನ್ನು ಹಾಕುವ ಯಂತ್ರ. ಉಡುಗೊರೆ ಕೊಡುವವರ ಕಣ್ಣು ಮೊದಲು ಹೋಗುವುದು ಇದರ ಮೇಲೆ. ತೆಳು ಬಟ್ಟೆಗೆ ಉತ್ತಮ. ಆದರೆ ಕೌದಿಯ ಕೆಲಸಕ್ಕೆ ಬೇಕಾದುದು ನೇರ ಹೊಲಿಗೆ ಒಂದೇ. 20 ಬಗೆಯ ಹೊಲಿಗೆಗಳಿಗೆ ಹಣ ಕೊಟ್ಟು, ದಪ್ಪವನ್ನು ತಾಳುವ ಶಕ್ತಿಯನ್ನು ಕಳೆದುಕೊಳ್ಳುವುದು ಉಚಿತವಲ್ಲ.

(ಇ) ಕಾರ್ಖಾನೆ ಮಾದರಿಯ ನೇರ ಹೊಲಿಗೆ ಯಂತ್ರ. ಸಿದ್ಧ ಉಡುಪು ಘಟಕಗಳಲ್ಲಿ ಕಾಣುವ, ಮೇಜಿನೊಳಗೆ ಕೂರಿಸಿದ ಯಂತ್ರ. ತೋಳಿನ ಕೆಳಗಿನ ಜಾಗ ಹೆಚ್ಚು; ಬಟ್ಟೆಯನ್ನು ಒತ್ತುವ ಪಾದವನ್ನು ಮೊಣಕಾಲಿನಿಂದ ಎತ್ತಬಹುದು. ಆದರೆ ವೇಗ ಬಹಳ, ಭಾರ ಬಹಳ, ವಿದ್ಯುತ್ ಕಡ್ಡಾಯ. ಇದನ್ನು ಕೊಳ್ಳುವುದಾದರೆ ಸರ್ವೋ ಮೋಟಾರು ಇರುವುದನ್ನೇ ಆರಿಸಬೇಕು. ಅದರಲ್ಲಿ ವೇಗವನ್ನು ತಗ್ಗಿಸಬಹುದು. ಹೊಲಿಯುವಾಗ ಮಾತ್ರ ಓಡುವುದರಿಂದ ವಿದ್ಯುತ್ತೂ ಉಳಿಯುತ್ತದೆ. ಒಬ್ಬರ ಮನೆಗಿಂತ ಗುಂಪಿನ ಸಾಮೂಹಿಕ ಶೆಡ್ಡಿಗೆ ಇದು ಯೋಗ್ಯ.

ಗಮನಿಸಿ: ಮನೆಬಳಕೆಯ ಯಂತ್ರದ ಸೂಜಿಯ ಬುಡ ಒಂದು ಬದಿ ಚಪ್ಪಟೆ, ಕಾರ್ಖಾನೆ ಯಂತ್ರದ ಸೂಜಿಯ ಬುಡ ದುಂಡು. ಒಂದರದ್ದು ಇನ್ನೊಂದಕ್ಕೆ ಹೊಂದುವುದಿಲ್ಲ. ಯಂತ್ರದೊಂದಿಗೆ ಸೂಜಿಗಳ ಪೊಟ್ಟಣ ಕೊಡುವವರು ಇದನ್ನು ಮರೆಯಬಾರದು.

4. ಅಳೆಯಬೇಕಾದ ನಾಲ್ಕು ಸಂಗತಿಗಳು

ಮೊದಲನೆಯದು, ತೋಳಿನ ಕೆಳಗಿನ ಜಾಗ. ಸೂಜಿಯಿಂದ ಯಂತ್ರದ ಕಂಬದವರೆಗಿನ ಅಂತರವಿದು. ಮನೆಬಳಕೆಯ ಯಂತ್ರಗಳಲ್ಲಿ ಸಾಮಾನ್ಯವಾಗಿ 16ರಿಂದ 18 ಸೆಂ.ಮೀ.; ಕಾರ್ಖಾನೆ ಮಾದರಿಯಲ್ಲಿ 25 ಸೆಂ.ಮೀ. ಆಸುಪಾಸು. 4 ಅಡಿ ಅಗಲದ ಕೌದಿಯ ನಟ್ಟನಡುವಿನ ಸಾಲನ್ನು ಹೊಲಿಯುವಾಗ 2 ಅಡಿ ಬಟ್ಟೆ ಸುರುಳಿಯಾಗಿ ಈ ಜಾಗದೊಳಗೆ ಕೂರಬೇಕು. ಬಟ್ಟೆಯ ಸಡಿಲ ದಪ್ಪ 6 ಮಿ.ಮೀ. ಎಂದು ಭಾವಿಸಿದರೆ ಬಿಗಿ ಸುರುಳಿಯ ವ್ಯಾಸ ಸುಮಾರು 7 ಸೆಂ.ಮೀ. ಬರುತ್ತದೆ. ಕೈಯಲ್ಲಿ ಸುತ್ತಿದ ಸುರುಳಿ ಅಷ್ಟು ಬಿಗಿಯಾಗುವುದಿಲ್ಲ, 10 ಸೆಂ.ಮೀ. ಎಂದೇ ಹಿಡಿಯಬೇಕು. 6 ಅಡಿ ಅಗಲವಾದರೆ ಅದೇ ಲೆಕ್ಕದಲ್ಲಿ 12 ಸೆಂ.ಮೀ. ದಾಟುತ್ತದೆ, ಆಗ ಕೈ ಆಡಿಸಲು ಸ್ಥಳವಿರುವುದಿಲ್ಲ. ಆದ್ದರಿಂದ ಸಾಲು ಹೊಲಿಗೆಗೂ ಯಂತ್ರ ಬೇಕೆನ್ನುವವರ ಕೌದಿಯ ಅಗಲವನ್ನು ಮೊದಲೇ ಕೇಳಿ ಬರೆದುಕೊಳ್ಳಬೇಕು.

ಎರಡನೆಯದು, ಪಾದದ ಏರಿಕೆ. ಅಂಗಡಿಯವರು ಪ್ರೆಸರ್ ಫುಟ್ ಎನ್ನುವ, ಬಟ್ಟೆಯನ್ನು ಒತ್ತಿ ಹಿಡಿಯುವ ಪಾದವು ಎಷ್ಟು ಎತ್ತರಕ್ಕೆ ಏಳುತ್ತದೆ ಎಂಬುದು. ನಾಲ್ಕು ತುಂಡುಗಳು ಸೇರುವ ಸ್ಥಳದಲ್ಲಿ ಅಂಚಿನ ಮಡಿಕೆಗಳು ಒಂದರ ಮೇಲೊಂದು ಬಂದು ದಪ್ಪ ಇಮ್ಮಡಿಯಾಗಿರುತ್ತದೆ. ಅಳೆಯಬೇಕಾದುದು ಆ ಗಂಟಿನ ದಪ್ಪವನ್ನು, ಸಮತಟ್ಟಾದ ಭಾಗದ್ದನ್ನಲ್ಲ.

ಮೂರನೆಯದು, ನಿಧಾನಗತಿಯ ಬಲ. ಸಣ್ಣ ಮೋಟಾರು ವೇಗದಲ್ಲಿ ಓಡುವಾಗ ಬಲಶಾಲಿಯಾಗಿ ಕಂಡರೂ, ನಿಂತ ಸ್ಥಿತಿಯಿಂದ ದಪ್ಪ ಗಂಟಿಗೆ ಸೂಜಿ ಇಳಿಸುವಾಗ ಗುಂಯ್‌ಗುಟ್ಟಿ ನಿಲ್ಲುವುದುಂಟು. ಕಾಲ್ತುಳಿಯ ಯಂತ್ರದಲ್ಲಿ ಭಾರದ ಚಕ್ರದ ಓಟವೇ ಸೂಜಿಗೆ ನೆರವಾಗುತ್ತದೆ. ಬೇಕಾದರೆ ಕೈಯಿಂದಲೂ ಚಕ್ರ ತಿರುಗಿಸಬಹುದು. ಹಳೆಯ ಯಂತ್ರವೆಂದು ಅದನ್ನು ಕಡೆಗಣಿಸಬಾರದು.

ನಾಲ್ಕನೆಯದು, ಪದರಗಳ ಜಾರಿಕೆ. ಬಟ್ಟೆಯನ್ನು ಮುಂದಕ್ಕೆ ತಳ್ಳುವ ಹಲ್ಲುಗಳು ಯಂತ್ರದ ಕೆಳಭಾಗದಲ್ಲಿ ಮಾತ್ರ ಇರುತ್ತವೆ. ಅಡಿಪದರ ಮುಂದೆ ಸಾಗುತ್ತದೆ. ಮೇಲ್ಪದರವು ಪಾದಕ್ಕೆ ತಾಗಿ ಹಿಂದೆ ಬೀಳುತ್ತದೆ. ಪ್ರತಿ ಹೊಲಿಗೆಗೆ ಕೇವಲ 0.05 ಮಿ.ಮೀ. ಜಾರಿದರೂ 6 ಅಡಿಯ ಸಾಲಿನ ಸುಮಾರು 730 ಹೊಲಿಗೆಗಳಲ್ಲಿ ಅದು ಮೂರೂವರೆ ಸೆಂ.ಮೀ.ಗಿಂತ ಹೆಚ್ಚಾಗುತ್ತದೆ. ಕೌದಿ ಸೊಟ್ಟಗಾಗುವುದು, ನೆರಿಗೆ ಬೀಳುವುದು ಇದರಿಂದಲೇ. ಇದು ಹೊಲಿಯುವವರ ಕೈಯ ದೋಷವಲ್ಲ. ಪರಿಹಾರ ಎರಡು: ಹೊಲಿಯುವ ಮುನ್ನ ಪದರಗಳಿಗೆ ಅಂಗೈ ಅಗಲದ ಅಂತರದಲ್ಲಿ ದೊಡ್ಡ ಕಚ್ಚಾ ಹೊಲಿಗೆ ಹಾಕಿಕೊಳ್ಳುವುದು, ಮೇಲ್ಪದರವನ್ನೂ ಹಿಡಿದು ಸಾಗಿಸುವ ವಾಕಿಂಗ್ ಫುಟ್ ಎಂಬ ಬಿಡಿಭಾಗವನ್ನು ಜೋಡಿಸುವುದು. ಈ ಬಿಡಿಭಾಗವು ಆರಿಸಿದ ಯಂತ್ರಕ್ಕೆ ಹೊಂದುತ್ತದೆಯೇ ಎಂಬುದನ್ನು ಕೊಳ್ಳುವಾಗಲೇ ಖಚಿತಪಡಿಸಿಕೊಳ್ಳತಕ್ಕದ್ದು.

5. ಅಂಗಡಿಯಲ್ಲಿ ಮಾಡಬೇಕಾದ ಪರೀಕ್ಷೆ

ಉಡುಗೊರೆಯನ್ನು ಗುಟ್ಟಾಗಿ ತಂದು ಬೆರಗುಗೊಳಿಸುವ ಆಸೆ ಒಳ್ಳೆಯದೇ. ಆದರೆ ಯಂತ್ರದ ವಿಷಯದಲ್ಲಿ ಅದನ್ನು ಬಿಟ್ಟುಬಿಡುವುದು ಒಳಿತು. ಉಪಯೋಗಿಸುವವರನ್ನೇ ಅಂಗಡಿಗೆ ಕರೆದೊಯ್ಯಬೇಕು. ಅವರು ಹೊಲಿಯುವ ಅದೇ ಬಟ್ಟೆಯಿಂದ, ಅಷ್ಟೇ ಪದರಗಳಿಂದ, ನಡುವೆ ಒಂದು ದಪ್ಪ ಗಂಟು ಬರುವಂತೆ 1 ಅಡಿ ಚೌಕದ ಮಾದರಿಯನ್ನು ಮನೆಯಿಂದಲೇ ಸಿದ್ಧಪಡಿಸಿಕೊಂಡು ಹೋಗಬೇಕು. ಅಂಗಡಿಯವರು ಕೊಡುವ ತೆಳು ಬಟ್ಟೆಯ ತುಂಡಿನ ಮೇಲೆ ಎಲ್ಲ ಯಂತ್ರಗಳೂ ಚೆನ್ನಾಗಿಯೇ ಹೊಲಿಯುತ್ತವೆ.

ಪರೀಕ್ಷೆಯ ಕ್ರಮ ಹೀಗಿರಲಿ:

1) ದಪ್ಪ ಬಟ್ಟೆಗೆ ತಕ್ಕ 16 ಅಥವಾ 18ನೆಯ ಸಂಖ್ಯೆಯ ಹೊಸ ಸೂಜಿ ಹಾಕಿಸುವುದು, ತುಂಡು ಜೋಡಿಸಲು 14 ಸಾಕು.
2) ಹೊಲಿಗೆಯ ಉದ್ದವನ್ನು 3 ಮಿ.ಮೀ.ಗಿಂತ ಮೇಲಕ್ಕಿರಿಸಿ 10 ಸಾಲು ಹೊಲಿಯುವುದು. ತಪ್ಪಿದ ಹೊಲಿಗೆಗಳನ್ನು ಎಣಿಸುವುದು.
3) ದಪ್ಪ ಗಂಟಿನ ಮೇಲೆಯೇ ಯಂತ್ರವನ್ನು ನಿಲ್ಲಿಸಿ, ಅಲ್ಲಿಂದಲೇ ನಿಧಾನವಾಗಿ ಪುನಃ ಆರಂಭಿಸುವುದು.
4) ಮಾದರಿಯನ್ನು ಮಗುಚಿ ನೋಡುವುದು. ಕೆಳಬದಿಯಲ್ಲಿ ದಾರದ ಕುಣಿಕೆಗಳು ಎದ್ದಿದ್ದರೆ ಬಿಗಿತ ಸರಿಪಡಿಸಿ ಮತ್ತೊಮ್ಮೆ ಪರೀಕ್ಷಿಸುವುದು.
5) ಸಾಲಿನ ಕೊನೆಯಲ್ಲಿ ಮೇಲ್ಪದರ ಮತ್ತು ಅಡಿಪದರಗಳ ಅಂಚಿನ ವ್ಯತ್ಯಾಸವನ್ನು ಅಳತೆಪಟ್ಟಿಯಿಂದ ಅಳೆಯುವುದು.
6) ಸೂಜಿ ಬದಲಿಸುವುದು, ಬಾಬಿನ್ ತುಂಬುವುದು, ದಾರ ಪೋಣಿಸುವುದು: ಈ ಮೂರನ್ನೂ ಉಪಯೋಗಿಸುವವರೇ ಮಾಡಿ ನೋಡುವುದು.
7) ಕಾಲು ಗಂಟೆ ಕುಳಿತು ಹೊಲಿದ ಮೇಲೆ ಮೊಣಕಾಲು, ಸೊಂಟ, ಹೆಗಲುಗಳಲ್ಲಿ ನೋವಿದೆಯೇ ಎಂದು ಕೇಳುವುದು.

ಏಳನೆಯ ಅಂಶವನ್ನು ಸೌಜನ್ಯಕ್ಕಾಗಿ ಸೇರಿಸಿದ್ದಲ್ಲ. ಕೌದಿ ಹೊಲಿಯುವವರಲ್ಲಿ ಹಿರಿಯ ವಯಸ್ಸಿನವರು ಅನೇಕರು. ನೆಲದ ಮೇಲೆ ಕುಳಿತು, ಕೌದಿಯನ್ನು ಕಾಲ ಮೇಲೆ ಹರಡಿಕೊಂಡು ಜೀವಮಾನವೆಲ್ಲ ಹೊಲಿದವರಿಗೆ ಮೊಣಕಾಲು ನೋವಿದ್ದರೆ ಕಾಲ್ತುಳಿಯ ಯಂತ್ರ ಶಿಕ್ಷೆಯಾದೀತು. ಅಂಥವರಿಗೆ ಅದೇ ಯಂತ್ರಕ್ಕೆ ಮೋಟಾರು ಜೋಡಿಸಿಕೊಡಬೇಕು. ಮೇಜಿನ ಎಡಬದಿಗೆ ಅದೇ ಎತ್ತರದ ಹಲಗೆಯೊಂದನ್ನು ಕೂಡಿಸಿದರೆ ಕೌದಿಯ ಭಾರವು ಅದರ ಮೇಲೆ ನಿಲ್ಲುತ್ತದೆ. ಹೆಗಲಿಗೂ ಬೀಳುವುದಿಲ್ಲ, ಸೂಜಿಯನ್ನೂ ಎಳೆದು ಮುರಿಯುವುದಿಲ್ಲ.

6. ಪಂಚಾಯತಿಯ ಮೂಲಕ ಕೊಡುವಾಗ

ಫಲಾನುಭವಿಗಳ ಆಯ್ಕೆಯು ಗ್ರಾಮ ಸಭೆಯಲ್ಲಿ ಆಗತಕ್ಕದ್ದೆಂಬುದು ತಿಳಿದ ವಿಷಯ. ಆ ಸಭೆಯಲ್ಲಿ ಹೆಸರಿನ ಜೊತೆಗೆ ಕಸುಬಿನ ವಿವರವನ್ನೂ ಬರೆಯುವುದು ನಮ್ಮ ಕೈಯಲ್ಲಿದೆ. ಅರ್ಜಿಯಲ್ಲಿ ಹೊಲಿಗೆ ಎಂದಷ್ಟೇ ಇದ್ದರೆ ಉಡುಪು ಹೊಲಿಯುವವರೂ ಕೌದಿ ಹೊಲಿಯುವವರೂ ಒಂದೇ ಸಾಲಿಗೆ ಸೇರುತ್ತಾರೆ; ಎಲ್ಲರಿಗೂ ಒಂದೇ ಯಂತ್ರ ಬರುತ್ತದೆ.

ಖರೀದಿಯ ತಾಂತ್ರಿಕ ವಿವರಣೆಯಲ್ಲಿ ಯಾವುದೇ ಕಂಪನಿಯ ಹೆಸರನ್ನು ಬರೆಯದೆ, ಯಂತ್ರ ಮಾಡಬೇಕಾದ ಕೆಲಸವನ್ನು ಬರೆಯಬೇಕು. ಉದಾಹರಣೆಗೆ: ‘ಲೋಹದ ದೇಹದ ನೇರ ಹೊಲಿಗೆ ಯಂತ್ರ, ಕಾಲ್ತುಳಿಯ ಮೇಜು ಸಹಿತ, ಮೋಟಾರು ಜೋಡಿಸಲು ಅನುಕೂಲವಿರತಕ್ಕದ್ದು, ಹೊಲಿಗೆಯ ಉದ್ದವನ್ನು 4 ಮಿ.ಮೀ.ವರೆಗೆ ಹೊಂದಿಸುವಂತಿರತಕ್ಕದ್ದು, 18ನೆಯ ಸಂಖ್ಯೆಯ ಸೂಜಿಯಿಂದ 8 ಪದರ ಹತ್ತಿ ಬಟ್ಟೆಯನ್ನು ಹೊಲಿಗೆ ತಪ್ಪದಂತೆ ಹೊಲಿದು ತೋರಿಸತಕ್ಕದ್ದು, ತಾಲ್ಲೂಕಿನೊಳಗೆ ದುರಸ್ತಿ ಸೇವೆ ಲಭ್ಯವಿರತಕ್ಕದ್ದು.’ ಪದರಗಳ ಸಂಖ್ಯೆಯನ್ನು ಸ್ಥಳೀಯ ಕೌದಿಗೆ ತಕ್ಕಂತೆ ಬದಲಿಸಿಕೊಳ್ಳಬಹುದು. ಸರಬರಾಜಾದ ಯಂತ್ರಗಳನ್ನು ಸ್ವೀಕರಿಸುವ ದಿನ ಪೆಟ್ಟಿಗೆಗಳನ್ನು ಎಣಿಸಿ ಸಹಿ ಮಾಡುವ ಬದಲು, ಒಬ್ಬ ಕೌದಿ ಕಸುಬಿನವರನ್ನು ಕೂರಿಸಿ ಮೇಲಿನ ಪರೀಕ್ಷೆಯನ್ನು ನಡೆಸುವುದು ಸೂಕ್ತ.

2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳ ಪಟ್ಟಿಯಲ್ಲಿ ದರ್ಜಿ ವೃತ್ತಿ ಇದೆ. ಕೌದಿ ಎಂಬ ಪ್ರತ್ಯೇಕ ಹೆಸರಿಲ್ಲ. ಯೋಜನೆಯಡಿ ಉಪಕರಣಗಳಿಗಾಗಿ 15,000 ರೂಪಾಯಿಗಳವರೆಗಿನ ಇ-ವೋಚರ್ ದೊರೆಯುತ್ತದೆ. ಅರ್ಜಿಗಳ ಮೊದಲ ಹಂತದ ಪರಿಶೀಲನೆ ಗ್ರಾಮ ಪಂಚಾಯತಿಯಲ್ಲೇ ನಡೆಯುವುದರಿಂದ, ಉಡುಪು ಹೊಲಿಯುವುದನ್ನೂ ಕಸುಬಾಗಿ ಉಳ್ಳ ಕೌದಿ ಹೊಲಿಯುವವರಿಗೆ ಈ ಅವಕಾಶದ ಮಾಹಿತಿಯನ್ನು ನಾವೇ ಮೊದಲು ತಲುಪಿಸಬಹುದು.

7. ಕೊಟ್ಟ ನಂತರದ ಪಾಲನೆ

ಹಳೆಯ ಹತ್ತಿ ಬಟ್ಟೆಯಿಂದ ನೂಲಿನ ಧೂಳು ಹೆಚ್ಚಾಗಿ ಉದುರುತ್ತದೆ. ಅದು ಹಲ್ಲುಗಳ ಕೆಳಗೆ ಹಾಗೂ ಬಾಬಿನ್ ಕೂರುವ ಜಾಗದಲ್ಲಿ ತುಂಬಿಕೊಂಡು ಹೊಲಿಗೆ ತಪ್ಪಿಸುತ್ತದೆ. ಪ್ರತಿ ಕೌದಿ ಮುಗಿದ ಮೇಲೆ ಸಣ್ಣ ಕುಂಚದಿಂದ ಅದನ್ನು ತೆಗೆಯಬೇಕು. ಯಂತ್ರಕ್ಕೆ ಹೊಲಿಗೆ ಯಂತ್ರದ ಎಣ್ಣೆಯನ್ನೇ ಹಾಕಬೇಕು. ಅಡುಗೆ ಎಣ್ಣೆ ಕೆಲವು ದಿನಗಳಲ್ಲಿ ಅಂಟಾಗಿ ಗಟ್ಟಿಯಾಗುತ್ತದೆ. ಮೊಂಡಾದ ಸೂಜಿ ಸವೆದ ಬಟ್ಟೆಯನ್ನು ಹರಿಯುವುದರಿಂದ ಅದನ್ನು ಆಗಾಗ್ಗೆ ಬದಲಿಸುತ್ತಿರಬೇಕು. ಯಂತ್ರದೊಂದಿಗೆ ಒಂದು ಎಣ್ಣೆ ಬಾಟಲಿ, ಕುಂಚ, ಎರಡು ಪೊಟ್ಟಣ ಸೂಜಿ ಹಾಗೂ ಹತ್ತು ಬಾಬಿನ್ ಸೇರಿಸಿ ಕೊಟ್ಟರೆ ಉಡುಗೊರೆ ಪೂರ್ಣವಾಗುತ್ತದೆ.

8. ಯಂತ್ರ ಬೇಡವಾದಾಗ

ಕವಂದಿಯಂತೆ ಸುತ್ತುಕ್ರಮದಲ್ಲಿ ಹೊಲಿಯುವವರಿಗೆ, ಅಥವಾ ಕೈಹೊಲಿಗೆಯನ್ನೇ ಬಯಸುವ ಹಿರಿಯರಿಗೆ ಯಂತ್ರವನ್ನು ಒತ್ತಾಯಿಸಬಾರದು. ಅವರಿಗೆ ಅಡ್ಡಿಯಾಗಿರುವುದು ಬಹುತೇಕ ಕಣ್ಣು, ಬೆಳಕು ಮತ್ತು ಬೆರಳು. ಕಣ್ಣಿನ ಪರೀಕ್ಷೆ ಮಾಡಿಸಿ ಹತ್ತಿರದ ದೃಷ್ಟಿಗೆ ತಕ್ಕ ಕನ್ನಡಕ, ಕುಳಿತುಕೊಳ್ಳುವ ಸ್ಥಳಕ್ಕೆ ಒಳ್ಳೆಯ ಎಲ್‌ಇಡಿ ದೀಪ, ಹರಿತವಾದ ದೊಡ್ಡ ಕತ್ತರಿ, ಬೆರಳಿಗೆ ಲೋಹದ ಟೋಪಿ, ಗಟ್ಟಿ ಹತ್ತಿ ದಾರದ ಉಂಡೆಗಳು: ಇವೆಲ್ಲ ಸೇರಿದರೂ ಒಂದು ಯಂತ್ರದ ಬೆಲೆಯಾಗಲಾರದು. ಆದರೆ ಇವು ಪ್ರತಿದಿನವೂ ಉಪಯೋಗಕ್ಕೆ ಬರುತ್ತವೆ.

ಅಭ್ಯಾಸ

1) ತಮ್ಮ ಪಂಚಾಯತಿ ವ್ಯಾಪ್ತಿಯಲ್ಲಿ ಕೌದಿ ಹೊಲಿಯುವ ಮೂವರನ್ನು ಭೇಟಿಯಾಗಿ, ಅವರು ಮೊದಲನೆಯ ಕ್ರಮದವರೋ ಎರಡನೆಯ ಕ್ರಮದವರೋ ಎಂಬುದನ್ನು ದಾಖಲಿಸಿರಿ.
2) ಅವರ ಒಂದು ಕೌದಿಯ ಉದ್ದ, ಅಗಲ, ಸಾಲುಗಳ ಅಂತರವನ್ನು ಅಳೆದು, ಒಟ್ಟು ಹೊಲಿಗೆಯ ಉದ್ದವನ್ನು ಮೀಟರುಗಳಲ್ಲಿ ಲೆಕ್ಕ ಹಾಕಿರಿ.
3) ಯಾವ ಹಂತದಲ್ಲಿ ಹೆಚ್ಚು ದಿನ ಹಿಡಿಯುತ್ತದೆ, ಯಾವ ಹಂತ ಅವರಿಗೆ ಬೇಸರ ತರಿಸುತ್ತದೆ ಎಂದು ಕೇಳಿ ಬರೆಯಿರಿ. ಎರಡೂ ಒಂದೇ ಆಗಿರಬೇಕಿಲ್ಲ.
4) ಈ ಹಿಂದೆ ವಿತರಿಸಿದ ಹೊಲಿಗೆ ಯಂತ್ರಗಳಲ್ಲಿ ಇಂದಿಗೂ ಬಳಕೆಯಲ್ಲಿರುವುವು ಎಷ್ಟು, ನಿಂತಿರುವುವು ಎಷ್ಟು, ನಿಲ್ಲಲು ಕಾರಣವೇನು ಎಂಬ ಪಟ್ಟಿ ತಯಾರಿಸಿರಿ.

ನಾಲ್ಕನೆಯ ಪ್ರಶ್ನೆಯ ಉತ್ತರವನ್ನು ಮುಂದಿನ ಕ್ರಿಯಾ ಯೋಜನೆ ಸಿದ್ಧಪಡಿಸುವ ಮುನ್ನ ಗ್ರಾಮ ಸಭೆಯಲ್ಲಿ ಓದಿ ಹೇಳಬೇಕೆಂದು ವಿನಂತಿ. ನಿಂತ ಯಂತ್ರಗಳಲ್ಲಿ ಕೆಲವು ಕೇವಲ ಒಂದು ಬೆಲ್ಟು, ಒಂದು ಸೂಜಿ ಇಲ್ಲವೇ ಒಂದು ಮೋಟಾರಿಗಾಗಿ ನಿಂತಿರಬಹುದು. ಹೊಸದನ್ನು ಕೊಳ್ಳುವ ಮೊದಲು ಅವುಗಳನ್ನು ನಡೆಸುವುದು ನಮ್ಮಿಂದ ಸಾಧ್ಯವಾಗುವ ಕೆಲಸ.